ಹಳೇ ಕ್ಯಾಂಪರ್ ವ್ಯಾನಿನಲ್ಲಿ ಪೆಟ್ರೋಲ್ ವಾಸನೆ: ಬೆಂಕಿ ಹತ್ತುವ ಮೊದಲೇ ದೋಷ ಹುಡುಕುವ ಬಗೆ

"ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಪೆಟ್ರೋಲ್ ವಾಸನೆ ಇದ್ದೇ ಇರುತ್ತೆ, ಅಲ್ವಾ ಅಣ್ಣ?"

ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಕೊಂಡ ಹೊಸದರಲ್ಲಿ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಇಲ್ಲ, ಇರಬಾರದು. ಗಾಡಿಗೆ ಐವತ್ತು ವರ್ಷ ಆಗಿದ್ದರೂ ಸರಿ, ಎಲ್ಲ ನೆಟ್ಟಗಿದ್ದರೆ ಪೆಟ್ರೋಲ್ ವಾಸನೆ ಬರುವುದಿಲ್ಲ. ಬಂತು ಅಂದರೆ ಎಲ್ಲೋ ಪೆಟ್ರೋಲ್ ಹೊರಗೆ ಬರುತ್ತಿದೆ ಅಂತಲೇ ಅರ್ಥ. ಇಂಜಿನ್ನಿಗೆ ಬೆಂಕಿ ಬಿದ್ದ ವ್ಯಾನುಗಳ ಮಾಲೀಕರನ್ನು ಮಾತಾಡಿಸಿ ನೋಡಿ. "ಒಂದು ವಾರದಿಂದ ವಾಸನೆ ಬರ್ತಿತ್ತು" ಅಂತ ಹೇಳುವವರೇ ಜಾಸ್ತಿ. ಆ ಒಂದು ವಾರದಲ್ಲಿ ಏನು ಮಾಡಬೇಕು ಅನ್ನುವುದೇ ಈ ಬರಹ.

ನಾನಿರುವುದು ಇಂಗ್ಲೆಂಡಿನಲ್ಲಿ. ನನ್ನ ಹತ್ತಿರ ಇರುವುದು 1973ರ ವ್ಯಾನ್. ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ, ಮುಂದೆ ಒಂದೇ ದೊಡ್ಡ ಗಾಜು ಇರುವ 'ಬೇ ವಿಂಡೋ' ಮಾದರಿ. ಗಾಳಿಯಿಂದ ತಣ್ಣಗಾಗುವ 1600 ಸಿಸಿ ಇಂಜಿನ್, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಕೊಡುವ ಒಂದು ಸೋಲೆಕ್ಸ್ ಕಾರ್ಬುರೇಟರ್. ಕೆಳಗೆ ಬರೆದಿರುವುದೆಲ್ಲ ಮುಖ್ಯವಾಗಿ ಇಂಥ ಗಾಡಿಗೆ. ಇದಕ್ಕಿಂತ ಹಳೆಯ, ಎರಡು ಹೋಳು ಗಾಜಿನ ವ್ಯಾನಿಗೂ ಬಹುಪಾಲು ಹೊಂದುತ್ತದೆ.

ಈ ಗಾಡಿಯಲ್ಲೇ ಯಾಕೆ ಇಷ್ಟು ಹೆದರಿಕೆ? ಎಲ್ಲವೂ ಒಂದೇ ಗೂಡಿನೊಳಗೆ ಇದೆ, ಅದಕ್ಕೆ. ಇಂಜಿನ್ ಹಿಂದುಗಡೆ. ಅದರ ಮುಂದೆ ಒಂದು ತಗಡಿನ ಗೋಡೆ, ಗೋಡೆಯ ಆಚೆಗೇ ಪೆಟ್ರೋಲ್ ಟ್ಯಾಂಕ್. ಬಲಗಡೆ ಮೂಲೆಯಲ್ಲಿ ಬ್ಯಾಟರಿ. ಪೆಟ್ರೋಲ್ ಪಂಪ್, ಅದರ ಪಕ್ಕದಲ್ಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಇಂಜಿನ್ನಿನ ಫ್ಯಾನ್ ಈ ಗೂಡಿನ ಗಾಳಿಯನ್ನೇ ಎಳೆದು ಸಿಲಿಂಡರುಗಳ ಮೇಲೆ ಊದುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ತೊಟ್ಟಿಕ್ಕಿದ ಪೆಟ್ರೋಲಿನ ಆವಿ ಇನ್ನೊಂದು ಮೂಲೆಯ ಕಿಡಿಗೆ ತಲುಪಲು ಹೊತ್ತೇ ಬೇಡ. ಇಷ್ಟೆಲ್ಲದರ ಮೇಲೆ, ಒಂದು ತಗಡು ಮತ್ತು ಒಂದು ಹಾಸಿಗೆ ಬಿಟ್ಟರೆ, ಮಕ್ಕಳು ಮಲಗಿರುತ್ತಾರೆ.

ಇನ್ನೊಂದು ವಿಷಯ. 2018ರ ಮೇ ತಿಂಗಳಿಂದ ಇಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಗಾಡಿಗಳಿಗೆ ವರ್ಷಕ್ಕೊಮ್ಮೆ ಆಗುತ್ತಿದ್ದ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಅಂದರೆ ವರ್ಷಕ್ಕೆ ಒಂದು ಸಲ ಬೇರೆಯವರ ಕಣ್ಣು ಬೀಳುತ್ತಿದ್ದದ್ದೂ ತಪ್ಪಿತು. ಈಗ ನೋಡುವವರು ನಾವೇ.

ಹುಡುಕುವ ಮೊದಲು

ವಾಸನೆ ಬಂದರೆ ಕೀ ತಿರುಗಿಸಬೇಡಿ. "ಸ್ಟಾರ್ಟ್ ಮಾಡಿ ಎಲ್ಲಿಂದ ಬರ್ತಿದೆ ನೋಡೋಣ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ವ್ಯಾನನ್ನು ಕೈಯಲ್ಲೇ ತಳ್ಳಿ ಬಯಲಿಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಗ್ಯಾರೇಜಿನಲ್ಲಿ ಅದು ನೆಲದ ಮೇಲೆ ಹರಡಿಕೊಂಡು ನಿಲ್ಲುತ್ತದೆ, ಅಲ್ಲೇ ಮೂಲೆಯಲ್ಲಿ ಗ್ಯಾಸ್ ಬಾಯ್ಲರ್ ಇದ್ದರೆ ಕೇಳುವುದೇ ಬೇಡ. ಒಳಗಿನ ಅಡುಗೆ ಒಲೆ, ಗ್ಯಾಸ್ ಫ್ರಿಜ್ ಆರಿಸಿ, ಸಿಲಿಂಡರ್ ಬಂದ್ ಮಾಡಿ. ಹಿಂದಿನ ಬಾಗಿಲು ತೆಗೆದು ಅರ್ಧ ಗಂಟೆ ಗಾಳಿ ಆಡಲು ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೊದಲೇ ಬಿಚ್ಚಲು ಹೋದರೆ ಅಲ್ಲೊಂದು ಸಣ್ಣ ಕಿಡಿ ಹಾರಬಹುದು, ಬ್ಯಾಟರಿ ಇರುವುದೂ ಅದೇ ಗೂಡಿನಲ್ಲಿ ತಾನೇ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಬಿಸಿಯಾಗುವ ಹಳೇ ಬಲ್ಬಿನ ದೀಪ ಬೇಡ.

ಇನ್ನು ಪರೀಕ್ಷೆ. ಇದಕ್ಕೆ ಬೇಕಾದದ್ದು ಅಡುಗೆಮನೆಯ ಬಿಳಿ ಪೇಪರ್ ಟವೆಲ್. ಬೆರಳಗಲದ ಪಟ್ಟಿ ಹರಿದುಕೊಂಡು ಪೆಟ್ರೋಲ್ ಪೈಪಿನ ಒಂದೊಂದು ಜೋಡಣೆಗೂ ಒಂದೊಂದು ಸುತ್ತಿ: ಟ್ಯಾಂಕಿನ ಬುಡ, ಪ್ರತಿ ರಬ್ಬರ್ ಪೈಪಿನ ಎರಡೂ ತುದಿ, ಪಂಪಿನ ಮೇಲ್ಭಾಗ, ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವ ಕಡೆ. ಕೆಳಗೆ ನೆಲದ ಮೇಲೆ ಒಂದು ರಟ್ಟು ಹಾಸಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಒಂದೊಂದೇ ಪಟ್ಟಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಇಂಜಿನ್ ಆಯಿಲ್ ತಾಗಿದ್ದರೆ ಕಾಗದ ಅಲ್ಲಿ ಎಣ್ಣೆ ಬಿದ್ದ ಹಾಗೆ ಪಾರದರ್ಶಕವಾಗಿರುತ್ತದೆ, ಒಣಗುವುದಿಲ್ಲ. ಪೆಟ್ರೋಲ್ ಆದರೆ ಒಣಗಿ ಹೋಗಿರುತ್ತದೆ, ಆದರೆ ಅಂಚಿನಲ್ಲಿ ಹಳದಿ ಗೆರೆಯೊಂದು ಬಿಟ್ಟಿರುತ್ತದೆ, ಕಾಫಿ ಲೋಟದ ಬುಡದ ಗುರುತಿನ ಹಾಗೆ. ಮೂಗಿನ ಹತ್ತಿರ ತಂದರೆ ಗೊತ್ತಾಗುತ್ತದೆ. ಎಷ್ಟೋ ಸಲ ಕಣ್ಣಿಗೆ, ಕೈಗೆ ಸಿಗದ ಜಿನುಗು ಈ ಪಟ್ಟಿಗೆ ಸಿಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಎಲ್ಲ ಪಟ್ಟಿಯನ್ನೂ ಎಣಿಸಿ ತೆಗೆಯಿರಿ. ಒಂದು ಉಳಿದರೂ ಫ್ಯಾನ್ ಒಳಗೆಳೆದುಕೊಳ್ಳುತ್ತದೆ.

ವಾಸನೆ ಯಾವಾಗ ಬರುತ್ತದೆ?

ಎಲ್ಲಿಂದ ಅಂತ ಕೇಳುವ ಮೊದಲು ಯಾವಾಗ ಅಂತ ಕೇಳಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

*ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ.* ದೋಷ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್, ಟ್ಯಾಂಕಿನ ಗಾಳಿ ಹೊರಹೋಗುವ ಸಣ್ಣ ಪೈಪುಗಳು, ಪೆಟ್ರೋಲ್ ಅಳೆಯುವ ಸೆಂಡರ್ ಕೂತಿರುವ ಕಡೆಯ ಗ್ಯಾಸ್ಕೆಟ್. ತಿರುವಿನಲ್ಲಿ ವಾಸನೆ ಜಾಸ್ತಿಯಾದರೆ ಇದೇ ಅಂತ ಇನ್ನಷ್ಟು ಖಚಿತ. ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೆ ವಾಸನೆ ನಿಂತಿತಾ ನೋಡಿ. ನಿಂತರೆ ಗುರುತು ಸಿಕ್ಕ ಹಾಗೆ. ಆದರೆ "ಅರ್ಧವೇ ಹಾಕಿಸಿದರಾಯಿತು" ಅಂತ ಸುಮ್ನೆ ಇರಬೇಡಿ. ಈ ಗಾಳಿ ಪೈಪುಗಳು ತಗಡಿನ ಗೋಡೆಯ ಹಿಂದೆ ಅಡಗಿರುವುದರಿಂದ ಕಾರ್ಖಾನೆಯಿಂದ ಬಂದಾಗಿನಿಂದ ಬದಲಾಗದೆ ಉಳಿದಿರುವುದು ಇವೇ. ಬಹಳ ಗಾಡಿಗಳಲ್ಲಿ ಮುಟ್ಟಿದರೆ ಪುಡಿಯಾಗುತ್ತವೆ. ಇಂಜಿನ್ ಇಳಿಸಿದಾಗಲೆಲ್ಲ ಮೊದಲು ಅವನ್ನು ಬದಲಾಯಿಸಿ.

*ಗಾಡಿ ನಿಂತಲ್ಲೇ, ರಾತ್ರಿ ಕಳೆದ ಮೇಲೆ.* ಟ್ಯಾಂಕಿನ ಬುಡದಿಂದ ಪಂಪಿನವರೆಗಿನ ದಾರಿ ನೋಡಿ. ಟ್ಯಾಂಕ್ ಪಂಪಿಗಿಂತ ಎತ್ತರದಲ್ಲಿದೆ. ಇಂಜಿನ್ ನಿಂತಿದ್ದರೂ ಪೆಟ್ರೋಲ್ ತಾನಾಗಿ ಕೆಳಗೆ ಬರುತ್ತಲೇ ಇರುತ್ತದೆ. ಪೈಪು ತಗಡನ್ನು ತೂರಿ ಬರುವ ತೂತಿನಲ್ಲಿ ಒಂದು ರಬ್ಬರ್ ಬಳೆ ಇರಬೇಕು. ಅದು ಬಿದ್ದುಹೋಗಿದ್ದರೆ ತಗಡಿನ ಅಂಚು ಪೈಪನ್ನು ಗರಗಸದ ಹಾಗೆ ಕೊರೆಯುತ್ತದೆ.

*ಓಡಿಸಿ ನಿಲ್ಲಿಸಿದ ಹತ್ತು ನಿಮಿಷಕ್ಕೆ.* ಬಿಸಿ ಇಂಜಿನ್ ನಿಂತಾಗ ಫ್ಯಾನೂ ನಿಲ್ಲುತ್ತದೆ, ಗೂಡು ಇನ್ನೂ ಬಿಸಿಯಾಗುತ್ತದೆ, ಕಾರ್ಬುರೇಟರಿನ ತೊಟ್ಟಿಯಲ್ಲಿರುವ ಪೆಟ್ರೋಲ್ ಕುದಿಯಬಹುದು. ಅಥವಾ ತೊಟ್ಟಿ ತುಂಬಿದಾಗ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿನ ಗಂಟಲೊಳಗೆ ಟಾರ್ಚ್ ಬಿಟ್ಟು ನೋಡಿ. ಇಂಜಿನ್ ನಿಂತ ಮೇಲೂ ಹನಿ ಬೀಳುತ್ತಿದ್ದರೆ ವಾಲ್ವ್ ಹೋಗಿದೆ, ಇಲ್ಲವೇ ಪಂಪಿನ ಒತ್ತಡ ಜಾಸ್ತಿ. ಈ ಪಂಪಿಗೆ ಸುಮಾರು 3ರಿಂದ 5 ಪಿಎಸ್‌ಐ ಸಾಕು. ಹೊಸ ಪಂಪ್ ಹಾಕಿಸಿದ ಮೇಲೆ ಶುರುವಾದ ತೊಂದರೆ ಆದರೆ ಪಂಪನ್ನು ತಳ್ಳುವ ಕಡ್ಡಿಯ ಉದ್ದ ಅಳೆಯಿರಿ. ಡೈನಮೋ ಇರುವ ಇಂಜಿನ್ನಿನ ಪಂಪಿಗೆ 108 ಮಿಲಿಮೀಟರ್, ಆಲ್ಟರ್ನೇಟರ್ ಇರುವುದಕ್ಕೆ 100. ಇವು ಅದಲುಬದಲಾಗಿ ಹೋಗುವುದು ಉಂಟು.

*ಆಯಿಲ್ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ.* ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಪಂಪಿನ ಒಳಗಿನ ಪೊರೆ (ಡಯಾಫ್ರಮ್) ಹರಿದಿರಬಹುದು, ಇಲ್ಲವೇ ತುಂಬಿ ಹರಿದ ಕಾರ್ಬುರೇಟರ್. ದೋಷ ಸರಿಮಾಡಿ, ಆಯಿಲ್ ಬದಲಾಯಿಸಿ, ಆಮೇಲೆ ಓಡಿಸಿ.

*ಓಡುವಾಗಲೇ ವಾಸನೆ.* ಎಲ್ಲಕ್ಕಿಂತ ಕೆಟ್ಟದ್ದು ಇದು. ಗಾಡಿ ಬದಿಗೆ ಹಾಕಿ, ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಅನ್ನಬೇಡಿ.

ಆ ಹಿತ್ತಾಳೆ ನಳಿಗೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ನನಗೆ ಆದದ್ದು ಇದೇ.

ನನ್ನ ಇಂಜಿನ್ನಿನ ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರಿನ ಮೈ ಮೆತ್ತನೆ ಲೋಹದ ಎರಕ. ಪೆಟ್ರೋಲ್ ಒಳಗೆ ಹೋಗಲು ಅದಕ್ಕೊಂದು ಕಿರುಬೆರಳಿಗಿಂತ ಸಣ್ಣ ನಳಿಗೆ. ಅದಕ್ಕೆ ಸ್ಕ್ರೂವಿನಂಥ ಮರೆ (ಥ್ರೆಡ್) ಇಲ್ಲ, ಬೆಸುಗೆ ಇಲ್ಲ. ತೂತಿಗೆ ಒತ್ತಿ ಕೂರಿಸಿದ್ದು ಅಷ್ಟೇ. ಐವತ್ತು ವರ್ಷದ ಬಿಸಿ, ತಂಪು, ಅದುರಾಟದಲ್ಲಿ ತೂತು ಒಂದು ಕೂದಲಷ್ಟು ದೊಡ್ಡದಾದರೂ ನಳಿಗೆ ಸಡಿಲ. ಒಂದು ದಿನ ಪೂರ್ತಿ ಕಳಚಿಕೊಳ್ಳುತ್ತದೆ. ಪಂಪ್ ಮಾತ್ರ ನಿಲ್ಲುವುದಿಲ್ಲ. ಬಿಸಿ ಇಂಜಿನ್ನಿನ ಮೇಲೆ, ಡಿಸ್ಟ್ರಿಬ್ಯೂಟರಿನ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ವೇಲ್ಸ್ ಕಡೆ ಹೊರಡುವ ಹಿಂದಿನ ಸಂಜೆ ನನ್ನ ವ್ಯಾನಿನಲ್ಲಿ ಸಣ್ಣಗೆ ವಾಸನೆ ಇತ್ತು. ಕ್ಲಿಪ್ ಟೈಟ್ ಆಗಿತ್ತು, ಪೈಪ್ ಹೊಸದು. ಸುಮ್ಮನೆ ಒಂದು ಸಲ ನಳಿಗೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸಿದೆ. ತಿರುಗಿತು. ಸ್ವಲ್ಪ ಎಳೆದೆ. ಪೈಪಿನ ಸಮೇತ ಕೈಗೇ ಬಂತು. ಅದರ ತುದಿ ಒಂದು ಕಡೆ ಮಾತ್ರ ಉಜ್ಜಿ ಹೊಳೆಯುತ್ತಿತ್ತು, ಎಷ್ಟೋ ದಿನದಿಂದ ಒಳಗೆ ಅಲುಗಾಡುತ್ತಿದ್ದ ಗುರುತು. ಮಾರನೆಯ ದಿನ ಹಿಂದಿನ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳು ಕೂರುವವರಿದ್ದರು. ಆ ನಳಿಗೆಯನ್ನು ಇವತ್ತಿಗೂ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಹಾಗಾಗಿ ಈ ಪರೀಕ್ಷೆ ಈಗಲೇ ಮಾಡಿ. ಇಂಜಿನ್ ತಣ್ಣಗಿರಲಿ. ಪೈಪನ್ನಲ್ಲ, ನಳಿಗೆಯನ್ನೇ ಹಿಡಿದು ತಿರುಗಿಸಿ ನೋಡಿ. ಒಂದಿಷ್ಟು ಅಲುಗಾಡಿದರೂ ಕಾರ್ಬುರೇಟರ್ ಬಿಚ್ಚಬೇಕು. ಕ್ಲಿಪ್ ಇನ್ನಷ್ಟು ಬಿಗಿದರೆ ಪ್ರಯೋಜನವಿಲ್ಲ, ಕ್ಲಿಪ್ ಹಿಡಿಯುವುದು ಪೈಪನ್ನು ನಳಿಗೆಗೆ, ನಳಿಗೆಯನ್ನು ಕಾರ್ಬುರೇಟರಿಗೆ ಅಲ್ಲ. ಸರಿಯಾದ ರಿಪೇರಿ ಅಂದರೆ ತೂತಿಗೆ ಮರೆ ಕೊರೆದು, ಪೆಟ್ರೋಲಿಗೆ ಕರಗದ ಸೀಲಂಟ್ ಹಚ್ಚಿ, ಸ್ಕ್ರೂ ಮಾಡುವ ನಳಿಗೆ ಹಾಕುವುದು. ಲೇತ್ ಕೆಲಸದವರು ಯಾರಾದರೂ ಮಾಡಿಕೊಡುತ್ತಾರೆ. ಕೊರೆದ ಲೋಹದ ಪುಡಿ ಒಳಗೆ ಉಳಿಯದ ಹಾಗೆ ತೊಳೆಯಬೇಕು. ಬರೀ ಅಂಟು ಹಾಕಿ ಕೂರಿಸುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಪಂಪಿನ ಮೇಲಿನ ನಳಿಗೆಗಳಿಗೂ ಇದೇ ಪರೀಕ್ಷೆ. ಅವು ಸಡಿಲವಾದರೆ ಪಂಪನ್ನೇ ಬದಲಾಯಿಸಿ.

ಈ ನಳಿಗೆ ಬೇಗ ಸಡಿಲವಾಗಲು ಒಂದು ಕಾರಣ ನಾವೇ ತಂದುಕೊಂಡದ್ದು. ಪಂಪಿಗೂ ಕಾರ್ಬುರೇಟರಿಗೂ ನಡುವೆ ಪ್ಲಾಸ್ಟಿಕ್ಕಿನ ಪೆಟ್ರೋಲ್ ಫಿಲ್ಟರ್ ನೇತುಹಾಕುವ ಅಭ್ಯಾಸ. ಪೆಟ್ರೋಲ್ ತುಂಬಿದ ಫಿಲ್ಟರ್ ಇಂಜಿನ್ ಅದುರಿದ ಹಾಗೆಲ್ಲ ತೂಗಾಡಿ ನಳಿಗೆಯನ್ನು ಎಳೆಯುತ್ತದೆ. ಪ್ಲಾಸ್ಟಿಕ್ ಬಿಸಿಗೆ ಬಿರುಕು ಬಿಡುತ್ತದೆ, ಬೆಂಕಿ ಬಂದರೆ ಮೊದಲು ಕರಗುವುದೂ ಅದೇ. ಫಿಲ್ಟರನ್ನು ಇಂಜಿನ್ ಗೂಡಿನಿಂದ ಹೊರಗೆ, ಟ್ಯಾಂಕಿನ ಕೆಳಗೆ ಹಾಕಿ. ಲೋಹದ್ದಾದರೆ ಒಳ್ಳೆಯದು.

ರಬ್ಬರ್ ಪೈಪು: ನೋಡಲು ಚೆನ್ನಾಗಿದ್ದರೆ ಸಾಲದು

ಹಳೇ ಪೈಪುಗಳ ಮೇಲೆ ಹತ್ತಿ ದಾರದ ಹೆಣಿಗೆ ಇರುತ್ತದೆ. ನೋಡಲು ಚಂದ, ಗಾಡಿಯ ಕಾಲಕ್ಕೆ ಒಪ್ಪುತ್ತದೆ. ಆದರೆ ಒಳಗಿನ ರಬ್ಬರಿನ ಬಿರುಕನ್ನು ಆ ಹೆಣಿಗೆ ಮುಚ್ಚಿಟ್ಟುಬಿಡುತ್ತದೆ. ತೆಗೆದ ಪೈಪೊಂದನ್ನು ಉದ್ದಕ್ಕೆ ಸೀಳಿ ಬಗ್ಗಿಸಿ ನೋಡಿ, ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗೆ ಕಾಣುತ್ತದೆ.

ಎಥನಾಲ್ ಬಂದ ಮೇಲೆ ಈ ತೊಂದರೆ ಜಾಸ್ತಿಯಾಗಿದೆ. 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ಮಾಮೂಲಿ ಪೆಟ್ರೋಲ್ ಇ10 ಆಯಿತು, ಅಂದರೆ ನೂರರಲ್ಲಿ ಹತ್ತು ಪಾಲಿನವರೆಗೆ ಎಥನಾಲ್. ಹಳೆಯ ರಬ್ಬರನ್ನು ಅದು ಕೆಡಿಸುತ್ತದೆ. ಹಳೇ ಗಾಡಿಗೆ ಇ5 ಇರುವ ಸೂಪರ್ ಪೆಟ್ರೋಲ್ ಹಾಕಿ. ಊರಲ್ಲಿ ಹಳೇ ಫಿಯಟ್, ಪದ್ಮಿನಿ ಇಟ್ಟುಕೊಂಡವರೂ ಇದನ್ನು ಓದುತ್ತಿದ್ದರೆ, ನಿಮ್ಮ ಬಂಕಿನಲ್ಲಿ ಈಗ ಸಿಗುವುದು ಇ20. ಕಾರ್ಬುರೇಟರ್, ರಬ್ಬರ್ ಪೈಪು, ಇಂಜಿನ್ನಿನಿಂದಲೇ ನಡೆಯುವ ಪಂಪ್ ಎಲ್ಲ ನಿಮ್ಮಲ್ಲೂ ಇವೆ. ಪೈಪಿನ ಮಾತು ನಿಮಗೂ ಅನ್ವಯ.

ಕೊಳ್ಳುವಾಗ ಪೈಪಿನ ಮೇಲೆ 'ಎಸ್‌ಎಇ ಜೆ30 ಆರ್9' ಅಂತ ಅಚ್ಚಾಗಿದೆಯಾ ನೋಡಿ. ಇದರ ಒಳಪದರ ಎಥನಾಲ್ ತಡೆಯುತ್ತದೆ. ಗೊತ್ತಿರುವ ಅಂಗಡಿಯಿಂದಲೇ ತನ್ನಿ, ಅಚ್ಚು ಯಾರು ಬೇಕಾದರೂ ಹಾಕಬಹುದು. ಅಳತೆಯೂ ಮುಖ್ಯ. ಈ ಗಾಡಿಯ ನಳಿಗೆಗಳು ಮಿಲಿಮೀಟರ್ ಲೆಕ್ಕದವು. ಕಾಲಿಂಚಿನ ಪೈಪ್ ಸಲೀಸಾಗಿ ಜಾರಿ ಕೂರುತ್ತದೆ, ಆಮೇಲೆ ಕ್ಲಿಪ್ಪಿನಲ್ಲಿ ಹಿಸುಕಿ ಹಿಡಿಸಬೇಕು. ಅದು ತಪ್ಪು. ಕ್ಲಿಪ್ ಇಲ್ಲದೆಯೂ ಕೈಯಿಂದ ಎಳೆದರೆ ಬಾರದಷ್ಟು ಬಿಗಿಯಾಗಿ ಪೈಪು ಕೂರಬೇಕು. ಕ್ಲಿಪ್ ಕೂಡ ಅಂಚು ಮಡಚಿರುವ, ಇಂಜೆಕ್ಷನ್ ಗಾಡಿಗಳಿಗೆ (ಕಾರ್ಬುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವಂಥವು) ಹಾಕುವ ನಮೂನೆಯದು ಇರಲಿ. ಸಾಲು ತೂತಿರುವ ಮಾಮೂಲಿ ಕ್ಲಿಪ್ ರಬ್ಬರನ್ನು ತುರಿಮಣೆಯ ಹಾಗೆ ತುರಿಯುತ್ತದೆ.

ನನ್ನ ಪದ್ಧತಿ ಹೀಗೆ: ಒಂದು ಪೈಪು ಹೋದರೆ ಎಲ್ಲ ಪೈಪನ್ನೂ ಬದಲಾಯಿಸುತ್ತೇನೆ. ಏನೂ ಆಗದಿದ್ದರೂ ಎರಡು ವರ್ಷಕ್ಕೊಮ್ಮೆ. ಹಾಕಿದ ತಿಂಗಳು, ವರ್ಷ ಬರೆದ ಚೀಟಿಯನ್ನು ಇಂಜಿನ್ ಬಾಗಿಲಿನ ಒಳಗೆ ಅಂಟಿಸುತ್ತೇನೆ.

1975ರಿಂದ 79ರವರೆಗೆ ಅಮೆರಿಕಕ್ಕೆ ಹೋದ 2 ಲೀಟರ್‌ವರೆಗಿನ ವ್ಯಾನುಗಳಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಷನ್ ಇದೆ. ಅಲ್ಲಿ ಒತ್ತಡ ಸುಮಾರು 2.5 ಬಾರ್. ಸಣ್ಣ ಬಿರುಕಿನಿಂದಲೂ ಪೆಟ್ರೋಲ್ ಮಂಜಿನ ಹಾಗೆ ಚಿಮ್ಮುತ್ತದೆ. ಇಂಜೆಕ್ಟರುಗಳ ಗಿಡ್ಡ ಪೈಪುಗಳನ್ನು ಮರೆಯಬೇಡಿ.

ವೈರು ಸುಟ್ಟ ವಾಸನೆ

ಪೆಟ್ರೋಲ್ ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ವೈರಿಂಗ್. ಈ ಗಾಡಿಯಲ್ಲಿ ಬ್ಯಾಟರಿಯಿಂದ ಮುಂದಿನ ಫ್ಯೂಸ್ ಬಾಕ್ಸಿನವರೆಗೆ ಬರುವ ಮುಖ್ಯ ವೈರಿಗೆ ಫ್ಯೂಸೇ ಇಲ್ಲ. ಅದರ ಹೊದಿಕೆ ಎಲ್ಲಾದರೂ ತಗಡಿಗೆ ಉಜ್ಜಿ ಹರಿದರೆ ತಡೆಯುವವರಿಲ್ಲ. ಡೈನಮೋದಿಂದ ಬರುವ ದಪ್ಪ ವೈರು, ಸ್ಟಾರ್ಟರ್ ವೈರು, ತಗಡು ತೂರುವ ಕಡೆಯ ರಬ್ಬರ್ ಬಳೆ, ಬ್ಯಾಟರಿ ಅಲುಗಾಡದಂತೆ ಹಿಡಿಯುವ ಪಟ್ಟಿ, ಇವನ್ನು ಕೈಯಾಡಿಸಿ ನೋಡಿ. ಕ್ಯಾಂಪರುಗಳಲ್ಲಿ ದೀಪ, ಫ್ರಿಜ್ಜಿಗೆ ಎರಡನೇ ಬ್ಯಾಟರಿ ಇರುತ್ತದೆ. ಅದನ್ನು ಜೋಡಿಸಿದ ವೈರಿಗೆ ಎರಡೂ ಬ್ಯಾಟರಿಯ ಹತ್ತಿರ ಒಂದೊಂದು ಫ್ಯೂಸ್ ಬೇಕು, ಯಾಕೆಂದರೆ ಕರೆಂಟು ಎರಡೂ ಕಡೆಯಿಂದ ಬರುತ್ತದೆ. ಒಂದೇ ಹಾಕಿದ್ದನ್ನು ಬಹಳ ಕಡೆ ನೋಡಿದ್ದೇನೆ. ನೆಗೆಟಿವ್ ವೈರಿಗೆ ಕೈಯಲ್ಲಿ ತಿರುಗಿಸುವ ಕಟ್-ಆಫ್ ಸ್ವಿಚ್ ಹಾಕಿ, ರಾತ್ರಿ ನಿಲ್ಲಿಸುವಾಗ ಆಫ್ ಮಾಡಿ.

ಸುಟ್ಟ ಆಯಿಲ್ ವಾಸನೆ ಬೇರೆ. ವಾಲ್ವ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಸೋರಿ ಬಿಸಿ ಭಾಗದ ಮೇಲೆ ಬಿದ್ದರೆ ಹೊಗೆ ಬರುತ್ತದೆ. ಗ್ಯಾಸ್ಕೆಟ್ ಬದಲಾಯಿಸಿ. ಇಂಜಿನ್ ಸುತ್ತಲಿನ ತಗಡಿಗೂ ಗಾಡಿಯ ಮೈಗೂ ನಡುವಿನ ರಬ್ಬರ್ ಪಟ್ಟಿ ಪೂರ್ತಿ ಇದೆಯಾ ಅಂತಲೂ ನೋಡಿ. ಅದು ಹರಿದಿದ್ದರೆ ಸೈಲೆನ್ಸರಿನ ಬಿಸಿ ಗಾಳಿ ಮೇಲೆ ಬಂದು ಗೂಡು ಕಾದ ಹಂಡೆಯಾಗುತ್ತದೆ.

ಆದರೂ ಬೆಂಕಿ ಹತ್ತಿದರೆ

ಇಂಜಿನ್ ಆರಿಸಿ. ಪಂಪ್ ನಿಲ್ಲುತ್ತದೆ, ಊದುವ ಫ್ಯಾನ್ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಕೀ ಆನ್ ಇರುವವರೆಗೂ ಅದು ಓಡಬಹುದು. ಅದಕ್ಕೆ ಡಿಕ್ಕಿಯಾದಾಗ ತಾನೇ ಆಫ್ ಆಗುವ ಇನರ್ಷಿಯಾ ಸ್ವಿಚ್ ಬೇಕೇ ಬೇಕು. ಜನರನ್ನು ಇಳಿಸಿ, ದೂರ ಕಳಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಒಳಗೆ ಗ್ಯಾಸ್ ಸಿಲಿಂಡರ್ ಇದೆ ಅಂತ ಹೇಳಿ. ಇಂಜಿನ್ನಿನ ಮೈ ಮೆಗ್ನೀಸಿಯಂ ಅಂತಲೂ ಹೇಳಿ. 1600 ಇಂಜಿನ್ನಿನ ಕೇಸ್ ಮೆಗ್ನೀಸಿಯಂ ಮಿಶ್ರಲೋಹ. ಅದೇ ಹೊತ್ತಿಕೊಂಡರೆ ನೀರು ಹಾಕಿದಾಗ ಇನ್ನೂ ಭುಗಿಲೇಳುತ್ತದೆ, ಬೆಂಕಿ ಆರಿಸುವ ಮಾಮೂಲಿ ಸಿಲಿಂಡರಿಗೂ ಬಗ್ಗುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಮೊದಲ ಒಂದೆರಡು ನಿಮಿಷ ಅಷ್ಟೇ.

ಇಂಜಿನ್ ಬಾಗಿಲನ್ನು ಪೂರ್ತಿ ತೆಗೆಯಬೇಡಿ, ಗಾಳಿ ನುಗ್ಗಿ ಬೆಂಕಿ ಏಳುತ್ತದೆ. ಒಂದು ಸಂದಿಯಷ್ಟು ತೆಗೆದು ಅಲ್ಲಿಂದಲೇ ಬೆಂಕಿ ಆರಿಸುವ ಪುಡಿ ಊದಿ. ಕಡಿಮೆಯೆಂದರೆ 2 ಕಿಲೋ ಪುಡಿಯ ಸಿಲಿಂಡರ್ ಇರಲಿ, ಅದು ಡ್ರೈವರ್ ಸೀಟಿನ ಹತ್ತಿರ ಇರಲಿ. ಹಿಂದೆ ಇಟ್ಟರೆ ಬೇಕಾದಾಗ ಬೆಂಕಿಯ ಮೇಲೆಯೇ ಕೈಚಾಚಬೇಕಾಗುತ್ತದೆ. ಒಂದು ಸಿಲಿಂಡರಿಗೆ ಆರದಿದ್ದರೆ ಬಿಟ್ಟು ದೂರ ಹೋಗಿ.

ಇನ್ನೆರಡು ವಸ್ತುಗಳಿಗೆ ಖರ್ಚು ಮಾಡಿ ಅಂತ ಖಂಡಿತ ಹೇಳುತ್ತೇನೆ. ಒಂದು, ಬಿಸಿಗೆ ತಾನೇ ಒಡೆದು ಬೆಂಕಿ ಆರಿಸುವ ಕೊಳವೆ. ಇಂಜಿನ್ ಗೂಡಿನ ಮೇಲ್ಭಾಗದಲ್ಲಿ ಕಟ್ಟಿದರೆ ನಮಗೆ ಗೊತ್ತಾಗುವ ಮೊದಲೇ ಕೆಲಸ ಮಾಡುತ್ತದೆ. ಎರಡು, ಟ್ಯಾಂಕಿನ ಬುಡದಲ್ಲಿ ಕೀ ಆಫ್ ಮಾಡಿದಾಗ ಮುಚ್ಚಿಕೊಳ್ಳುವ ವಾಲ್ವ್. ಪೈಪು ಸುಟ್ಟು ಹೋದರೆ ಎತ್ತರದ ಟ್ಯಾಂಕಿನಿಂದ ಪೆಟ್ರೋಲ್ ಬೆಂಕಿಗೆ ಇಳಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಈ ವಾಲ್ವ್ ಒಂದೇ.

ರಿಪೇರಿ ಆದ ಮೇಲೆ

ಮತ್ತೆ ಬಿಳಿ ಪಟ್ಟಿ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲ ಒಣಗಿ ಬೆಳ್ಳಗಿದ್ದರೆ ಪಟ್ಟಿಗಳನ್ನು ಬಿಚ್ಚಿ, ಬ್ಯಾಟರಿ ಜೋಡಿಸಿ, ಬಯಲಿನಲ್ಲೇ ಸ್ಟಾರ್ಟ್ ಮಾಡಿ. ಒಬ್ಬರು ಕೀ ಹತ್ತಿರ, ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಹಿಂದೆ. ಕಾರ್ಬುರೇಟರಿನ ನಳಿಗೆ, ಪಂಪಿನ ಮೇಲ್ಭಾಗ, ಎರಡನ್ನೂ ಟಾರ್ಚ್ ಬಿಟ್ಟು ಐದು ನಿಮಿಷ ನೋಡುತ್ತಿರಿ. ಆರಿಸಿ, ಹತ್ತು ನಿಮಿಷ ಕಾದು ಮತ್ತೆ ಮೂಸಿ ನೋಡಿ. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕೂತುಕೊಳ್ಳುತ್ತದೆ, ಅದಕ್ಕೇ ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ, ಇಂಜಿನ್ ತಣ್ಣಗಾದಾಗ, ಎಲ್ಲ ಕ್ಲಿಪ್ಪಿಗೂ ಇನ್ನೊಂದು ಸಲ ಸ್ಕ್ರೂಡ್ರೈವರ್ ಇಟ್ಟು ನೋಡಿ.